ಸೆನ್ಸೈ, ರೆನ್ಶಿ, ಹನ್ಶಿ: ಜಪಾನೀ ಯುದ್ಧಕಲೆಗಳ ಗುರುಪದವಿಗಳನ್ನು ಅರಿಯುವ ಬಗೆ

ಬೇಸಗೆಯ ರಜೆ ಸಮೀಪಿಸಿತೆಂದರೆ ಹೊಸಪೇಟೆ, ಸಂಡೂರು, ಕೂಡ್ಲಿಗಿಗಳ ವೃತ್ತಗಳಲ್ಲಿ ಕರಾಟೆ ಶಿಬಿರದ ಫ್ಲೆಕ್ಸುಗಳು ತಲೆಯೆತ್ತುತ್ತವೆ. ಚೋರನೂರಿನಂತಹ ಹೋಬಳಿಯ ಊರಿಗೆ ಅವುಗಳ ಕರಪತ್ರಗಳಾದರೂ ಬಂದು ತಲಪುತ್ತವೆ. ಬಿಳಿಯ ಉಡುಪು ತೊಟ್ಟು, ಕರಿಯ ಪಟ್ಟಿ ಬಿಗಿದು, ಮುಷ್ಟಿಯನ್ನು ಚಾಚಿ ನಿಂತ ಶಿಕ್ಷಕರೊಬ್ಬರ ಚಿತ್ರದ ಕೆಳಗೆ, ಹೆಸರಿಗೆ ಮೊದಲು ‘ಶಿಹಾನ್’ ಎಂದೂ, ಹೆಸರಾದ ಮೇಲೆ ‘ಆರನೆಯ ಡಾನ್’ ಎಂದೂ, ಅದೂ ಸಾಲದೆ ಕಂಸದೊಳಗೆ ‘ರೆನ್ಶಿ’ ಎಂದೂ ಅಚ್ಚಾಗಿರುವುದನ್ನು ಕಂಡ ತಂದೆತಾಯಿಗಳಿಗೆ, ಇವು ಬಿ.ಎಡ್.ನಂತೆ ಓದಿ ಪಡೆದ ಪದವಿಗಳೋ, ಸಮಾರಂಭದಲ್ಲಿ ಶಾಲು ಹೊದಿಸಿ ಕೊಟ್ಟ ಬಿರುದುಗಳೋ, ಬರಿಯ ಗೌರವವಾಚಕಗಳೋ ಎಂಬುದು ತಿಳಿಯದೆ ಹೋಗುವುದು ಸಹಜವೇ ಆಗಿದೆ. ಮಗಳನ್ನೋ ಮಗನನ್ನೋ ಕರಾಟೆಗೆ ಅಥವಾ ಜೂಡೋಗೆ ಸೇರಿಸಬೇಕೆಂದಿರುವ ಈ ಸೀಮೆಯ ಓದುಗರಿಗಾಗಿ ಆ ಶಬ್ದಗಳ ಒಳಗನ್ನು ಸ್ವಲ್ಪ ಬಿಡಿಸಿ ತೋರಿಸುವುದು ಈ ಲೇಖನದ ಉದ್ದೇಶ.

ಕರಪತ್ರದಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದರೂ ಇವೆಲ್ಲ ಒಂದೇ ಜಾತಿಯ ಶಬ್ದಗಳಲ್ಲ. ‘ಡಾನ್’ ಎಂಬುದು ಕಲೆಯಲ್ಲಿ ಒಬ್ಬನು ಏರಿರುವ ಮೆಟ್ಟಿಲನ್ನು ತಿಳಿಸುವ ಶ್ರೇಣಿ. ‘ರೆನ್ಶಿ’, ‘ಕ್ಯೋಶಿ’, ‘ಹನ್ಶಿ’ ಎಂಬಿವು ಆ ಶ್ರೇಣಿಯ ಮೇಲೆ, ಬೋಧನಸಾಮರ್ಥ್ಯವನ್ನೂ ಶೀಲವನ್ನೂ ಪರಿಗಣಿಸಿ ಪ್ರತ್ಯೇಕವಾಗಿ ಕೊಡತಕ್ಕ ಬಿರುದುಗಳು. ‘ಶಿಹಾನ್’, ‘ಕಾಂಚೋ’, ‘ಸೋಕೆ’ ಎಂಬಿವು ಒಂದು ಸಂಸ್ಥೆಯೊಳಗೋ ಸಂಪ್ರದಾಯದೊಳಗೋ ಒಬ್ಬನು ವಹಿಸಿರುವ ಸ್ಥಾನದ ಹೆಸರುಗಳು. ‘ಸೆನ್ಸೈ’, ‘ಸೆಂಪೈ’ ಎಂಬಿವಾದರೋ ಶಿಷ್ಯನು ಗುರುವನ್ನೂ ತನಗಿಂತ ಮೊದಲು ಸೇರಿದ ಹಿರಿಯ ಸಹಪಾಠಿಯನ್ನೂ ಸಂಬೋಧಿಸುವ ಮಾತುಗಳು ಮಾತ್ರ. ಸಂಬೋಧನೆಯನ್ನು ಪದವಿಯೆಂದೂ, ಸ್ಥಾನವನ್ನು ಶ್ರೇಣಿಯೆಂದೂ ಭಾವಿಸಿದಾಗ ಗೊಂದಲ ಹುಟ್ಟುತ್ತದೆ. ಗೊಂದಲವಿದ್ದೆಡೆಯಲ್ಲಿ ಅದರ ಲಾಭ ಪಡೆಯುವವರೂ ಹುಟ್ಟುತ್ತಾರೆ.

ಮಲ್ಲರಿಗೆ ಅಂತಸ್ತನ್ನು ಕಲ್ಪಿಸುವುದು ನಮ್ಮ ಸೀಮೆಗೆ ಹೊಸತಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಮಹಾನವಮಿಯ ಉತ್ಸವದಲ್ಲಿ ಹಲ್ಲು ಮುರಿದು ಮುಖ ವಿಕಾರವಾಗುವಷ್ಟು ಉಗ್ರವಾಗಿ ನಡೆಯುತ್ತಿದ್ದ ಮಲ್ಲಯುದ್ಧವನ್ನು ವರ್ಣಿಸುತ್ತ, ಆ ಜಟ್ಟಿಗಳಿಗೆ ನಾಯಕರೂ ತೀರ್ಪುಗಾರರೂ ಇದ್ದರೆಂದೂ, ಸರಿಸಮಾನರನ್ನು ಎದುರುಬದುರಾಗಿ ನಿಲ್ಲಿಸುವುದೂ ಗೆದ್ದವನಿಗೆ ಸಲ್ಲತಕ್ಕ ಮರ್ಯಾದೆಯನ್ನು ನಿರ್ಣಯಿಸುವುದೂ ಅವರ ಕೆಲಸವಾಗಿತ್ತೆಂದೂ ಬರೆದಿಟ್ಟಿದ್ದಾನೆ. ಅವನ ಅನಂತರ ಬಂದ ನ್ಯೂನಿಜ್, ಅರಸನ ಅಂತಃಪುರದ ಪರಿವಾರದಲ್ಲಿ ಕತ್ತಿ ಗುರಾಣಿ ಹಿಡಿಯಬಲ್ಲ ಹೆಂಗಸರೂ ಕುಸ್ತಿಯಾಡುವ ಹೆಂಗಸರೂ ಇದ್ದರೆಂದು ಹೇಳುತ್ತಾನೆ. ಹೆಣ್ಣುಮಕ್ಕಳಿಗೆ ಈ ವಿದ್ಯೆಯೇಕೆಂದು ಇಂದಿಗೂ ಮೂಗು ಮುರಿಯುವವರು ಹಂಪಿಯ ನೆರೆಯಲ್ಲಿಯೇ ಇದ್ದು ಆ ಮಾತನ್ನು ಆಡುವುದು ವಿಚಿತ್ರವೇ ಸರಿ. ಗರಡಿಮನೆಯ ವಸ್ತಾದಿಗೂ ಪೈಲ್ವಾನನಿಗೂ ಇಂದಿಗೂ ಬಿರುದುಗಳುಂಟು. ಆದರೆ ಮೈಸೂರಿನ ‘ದಸರಾ ಕಂಠೀರವ’ದಂತಹ ಬಿರುದು ಸಾವಿರಾರು ಜನರ ಕಣ್ಣೆದುರಿಗೆ, ಮಟ್ಟಿಯ ಮೇಲೆ ಎದುರಾಳಿಯ ಬೆನ್ನು ತಾಗಿಸಿ ಗಳಿಸತಕ್ಕದ್ದು, ಅದಕ್ಕೆ ಬೇರೆ ಸಾಕ್ಷ್ಯ ಬೇಕಾಗದು. ಜಪಾನಿನ ಡಾನ್ ಪದವಿಯು ಬಹುಮಟ್ಟಿಗೆ ಪರೀಕ್ಷಕರ ಮಂಡಳಿಯೊಂದರ ಮುಂದೆ, ಅಭ್ಯಾಸಶಾಲೆಯಾದ ದೋಜೋದ ನಾಲ್ಕು ಗೋಡೆಗಳ ನಡುವೆ ದೊರೆಯುವುದರಿಂದ, ಅದರಲ್ಲಿ ಕಾಗದಪತ್ರವನ್ನು ನೋಡಬೇಕಾದ ಅಗತ್ಯ ಹೆಚ್ಚು.

ಈ ಶ್ರೇಣಿಯ ವ್ಯವಸ್ಥೆ ಬಹು ಪುರಾತನವೆಂದು ಅನೇಕರು ನಂಬಿದ್ದಾರೆ. ವಾಸ್ತವವಾಗಿ ಯುದ್ಧಕಲೆಗಳಲ್ಲಿ ಅದರ ವಯಸ್ಸು ಒಂದೂವರೆ ಶತಮಾನವನ್ನೂ ಮುಟ್ಟಿಲ್ಲ. ಹಳೆಯ ಖಡ್ಗವಿದ್ಯೆಯ ಮತ್ತು ಬರಿಗೈಯ ಕಾಳಗವಿದ್ಯೆಯಾದ ಜುಜುತ್ಸುವಿನ ಮನೆತನಗಳಲ್ಲಿ ಗುರುವು ಶಿಷ್ಯನಿಗೆ, ವಿದ್ಯೆಯ ಒಂದೊಂದು ಭಾಗವನ್ನು ಕಲಿಸಿ ಮುಗಿಸಿದಂತೆಲ್ಲ, ಸುರುಳಿಯಲ್ಲಿ ಬರೆದ ಅನುಜ್ಞಾಪತ್ರವನ್ನು ಕೊಡುತ್ತಿದ್ದನು. ಸರ್ವವಿದ್ಯೆಯೂ ಸಂದಿತೆಂಬುದಕ್ಕೆ ಕೊನೆಯದಾಗಿ ಕೊಡುವ ಪತ್ರಕ್ಕೆ ‘ಮೆಂಕ್ಯೋ ಕೈದೆನ್’ ಎಂದು ಹೆಸರು. ಆ ಕ್ರಮದಲ್ಲಿ ಮೆಟ್ಟಿಲುಗಳು ಕೆಲವೇ, ಅವುಗಳ ನಡುವಣ ಅಂತರ ದೀರ್ಘ. 1882ರಲ್ಲಿ ತೋಕಿಯೋದ ಒಂದು ಬೌದ್ಧ ದೇವಾಲಯದ ಆವರಣದಲ್ಲಿ ಕೋದೋಕಾನ್ ಎಂಬ ಜೂಡೋ ಶಾಲೆಯನ್ನು ತೆರೆದ ಕಾನೋ ಜಿಗೊರೊ ವೃತ್ತಿಯಿಂದ ಶಿಕ್ಷಣತಜ್ಞರು. ಬಹುಸಂಖ್ಯೆಯ ಎಳೆಯರನ್ನು ವರ್ಷಗಟ್ಟಲೆ ಉತ್ಸಾಹಗುಂದದಂತೆ ನಡೆಸಬೇಕಾದರೆ ನಡುನಡುವೆ ಹತ್ತಬಹುದಾದ ಮೆಟ್ಟಿಲುಗಳು ಬೇಕೆಂಬುದನ್ನು ಬಲ್ಲವರು. ಕಪ್ಪು ಬಿಳಿಯ ಕಾಯಿಗಳನ್ನಿಟ್ಟು ಆಡುವ ‘ಗೋ’ ಎಂಬ ಆಟದಲ್ಲಿ ಹದಿನೇಳನೆಯ ಶತಮಾನದಿಂದಲೇ ರೂಢಿಯಲ್ಲಿದ್ದ ಡಾನ್ ಶ್ರೇಣಿಯನ್ನು ಅವರು ಜೂಡೋಗೆ ತಂದು, 1883ರಲ್ಲಿ ಇಬ್ಬರು ಶಿಷ್ಯರಿಗೆ ಮೊದಲನೆಯ ಡಾನ್ ಪದವಿಯನ್ನಿತ್ತರು. ಒಕಿನಾವಾ ದ್ವೀಪದಿಂದ ಕರಾಟೆಯನ್ನು ಜಪಾನಿನ ಮುಖ್ಯಭೂಮಿಗೆ ತಂದ ಫುನಾಕೋಶಿ ಗಿಚಿನ್ ಇದೇ ಪದ್ಧತಿಯನ್ನು ಸ್ವೀಕರಿಸಿ 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಬಾರಿ ಡಾನ್ ಪದವಿಗಳನ್ನು ಕೊಟ್ಟರು. ಬಿಳಿ ಕಪ್ಪುಗಳ ನಡುವೆ ಹಳದಿ, ಕಿತ್ತಳೆ, ಹಸಿರು, ನೀಲಿಗಳು ಬೆಳೆದದ್ದು ಇನ್ನೂ ಈಚಿನ ಮಾತು. 1930ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಜೂಡೋ ಕಲಿಸುತ್ತಿದ್ದ ಕವಾಯಿಶಿ ಮಿಕಿನೋಸುಕೆ ಎಂಬವರು ಪಾಶ್ಚಾತ್ಯ ಶಿಷ್ಯರಲ್ಲಿ ಬಣ್ಣದ ಪಟ್ಟಿಗಳನ್ನು ಪ್ರಚಾರಕ್ಕೆ ತಂದರು.

ಇಂದು ರೂಢಿಯಲ್ಲಿರುವ ಕ್ರಮವಿಷ್ಟು. ಕಪ್ಪು ಪಟ್ಟಿಗೆ ಮುಂಚಿನ ಮೆಟ್ಟಿಲುಗಳಿಗೆ ‘ಕ್ಯೂ’ ಎಂದು ಹೆಸರು. ಕರಾಟೆಯಲ್ಲಿ ಸಾಮಾನ್ಯವಾಗಿ ಹತ್ತನೆಯ ಅಥವಾ ಒಂಬತ್ತನೆಯ ಕ್ಯೂವಿನಿಂದ ಆರಂಭವಾಗಿ ಸಂಖ್ಯೆ ಇಳಿಯುತ್ತ ಬಂದು ಒಂದನೆಯ ಕ್ಯೂವಿನ ಹೊತ್ತಿಗೆ ಕಂದು ಪಟ್ಟಿ ದೊರೆತಿರುತ್ತದೆ. ಅಲ್ಲಿಂದ ಮುಂದೆ ಸಂಖ್ಯೆ ಏರತೊಡಗುತ್ತದೆ: ಶೋಡಾನ್, ನಿಡಾನ್, ಸಾಂಡಾನ್, ಯೊಂಡಾನ್, ಗೋಡಾನ್ ಎಂದು ಐದರವರೆಗೆ, ರೊಕುಡಾನಿನಿಂದ ಜೂಡಾನಿನವರೆಗೆ ಇನ್ನೈದು. ಮೊದಲನೆಯ ಡಾನ್ ಎಂದರೆ ಪಾರಂಗತನೆಂದು ನಮ್ಮಲ್ಲಿ ತಿಳಿಯುವ ವಾಡಿಕೆಯಿದೆ. ಅದು ಮೂಲಪಾಠಗಳು ಕೈಗೆ ಬಂದವೆಂಬುದರ ಗುರುತೇ ಹೊರತು ಹೆಚ್ಚಿನದಲ್ಲ. ಪಟ್ಟಿಯ ಬಣ್ಣವನ್ನು ನೋಡಿ ಗುರುವನ್ನು ಅಳೆಯುವುದೂ ಅಪಾಯಕರವೇ. ಕೋದೋಕಾನ್ ಜೂಡೋದಲ್ಲಿ ಆರರಿಂದ ಎಂಟನೆಯ ಡಾನಿನವರು ಕೆಂಪು ಬಿಳಿ ಬೆರೆತ ಪಟ್ಟಿಯನ್ನೂ, ಒಂಬತ್ತು ಹತ್ತನೆಯವರು ಪೂರ್ಣ ಕೆಂಪು ಪಟ್ಟಿಯನ್ನೂ ಧರಿಸಬಹುದು. ಕೊರಿಯಾದ ಟೇಕ್ವಾಂಡೋದಲ್ಲಿಯಾದರೋ ಕೆಂಪು ಪಟ್ಟಿ ಕಪ್ಪಿಗಿಂತ ಕೆಳಗಿನ ಶಿಷ್ಯನದು. ಟೇಕ್ವಾಂಡೋ ಜಪಾನಿನದಲ್ಲವೆಂಬುದನ್ನೂ, ಅದರ ಡಾನ್ ಪತ್ರಗಳನ್ನು ಸಿಯೋಲಿನ ಕುಕ್ಕಿವಾನ್ ಎಂಬ ಕೇಂದ್ರವು ನೀಡುತ್ತದೆಂಬುದನ್ನೂ, ಹದಿನೈದು ವರ್ಷ ತುಂಬದ ಮಕ್ಕಳಿಗೆ ಅಲ್ಲಿ ಡಾನ್ ಬದಲು ‘ಪೂಮ್’ ಎಂಬ ಶ್ರೇಣಿಯಿರುವುದನ್ನೂ ಇಲ್ಲಿಯೇ ಹೇಳಿಬಿಡುವುದು ಮೇಲು. ಎಲ್ಲವನ್ನೂ ಕರಾಟೆಯೆಂದೇ ಕರೆಯುವ ನಮ್ಮ ರೂಢಿಯಿಂದ ಆಗುವ ತೊಡಕು ಅಷ್ಟಿಷ್ಟಲ್ಲ.

ರೆನ್ಶಿ, ಕ್ಯೋಶಿ, ಹನ್ಶಿ ಎಂಬ ಮೂರು ಬಿರುದುಗಳ ಚರಿತ್ರೆ ಬೇರೆ. 1895ರಲ್ಲಿ ಕ್ಯೋಟೋ ನಗರದಲ್ಲಿ ಸ್ಥಾಪಿತವಾದ ದಾಯ್ ನಿಪ್ಪೋನ್ ಬುತೋಕುಕಾಯ್ ಎಂಬ ಮಹಾಸಂಸ್ಥೆಯು ದೇಶದ ಎಲ್ಲ ಯುದ್ಧಕಲೆಗಳನ್ನೂ ಒಂದು ಸೂರಿನಡಿ ತರಲೆಳಸಿ, ಗುರುಗಳ ಯೋಗ್ಯತೆಯನ್ನು ಪರಿಶೀಲಿಸಿ ಬಿರುದು ಕೊಡುವ ಅಧಿಕಾರವನ್ನು ವಹಿಸಿಕೊಂಡಿತು. ಹನ್ಶಿ ಮತ್ತು ಕ್ಯೋಶಿ ಎಂಬಿವು 1902ರಲ್ಲಿ ಜಾರಿಗೆ ಬಂದವು. ಅವುಗಳ ಕೆಳಗಿನ ರೆನ್ಶಿ 1934ರಲ್ಲಿ ಸೇರಿತು. ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ ಆ ಸಂಸ್ಥೆ ವಿಸರ್ಜಿತವಾಯಿತು. ಬಿರುದುಗಳು ಮಾತ್ರ ಉಳಿದುಕೊಂಡವು. ಎಲ್ಲರಿಗೂ ಒಬ್ಬನೇ ದಾತನಿದ್ದ ಕಾಲ ಹೋಗಿ, ಪ್ರತಿಯೊಂದು ಒಕ್ಕೂಟವೂ ತನ್ನ ತನ್ನ ನಿಯಮದಂತೆ ಅವನ್ನು ಕೊಡತೊಡಗಿತು. ಆದುದರಿಂದ ಇಂದು ‘ರೆನ್ಶಿ’ ಎಂದು ಮಾತ್ರ ಹೇಳಿದರೆ ಅರ್ಥ ಪೂರ್ಣವಾಗುವುದಿಲ್ಲ. ಯಾವ ಒಕ್ಕೂಟದ ರೆನ್ಶಿ, ಯಾವ ವರ್ಷದ ರೆನ್ಶಿ ಎಂದು ಕೇಳುವುದು ಅವಿನಯವಲ್ಲ, ಕೇಳಲೇಬೇಕಾದ ಪ್ರಶ್ನೆ.

ಈ ಬಿರುದುಗಳನ್ನು ಅತ್ಯಂತ ಬಿಗಿಯಾಗಿ ಕಾಪಾಡಿಕೊಂಡು ಬಂದಿರುವುದು ಬಿದಿರುಕತ್ತಿಯ ಕಲೆಯಾದ ಕೆಂಡೋ. 1952ರಲ್ಲಿ ರಚಿತವಾದ ಅಖಿಲ ಜಪಾನ್ ಕೆಂಡೋ ಒಕ್ಕೂಟದಲ್ಲಿ ಆರನೆಯ ಡಾನಿನವನು ರೆನ್ಶಿಯೂ, ಏಳನೆಯವನು ಕ್ಯೋಶಿಯೂ, ಎಂಟನೆಯವನು ಹನ್ಶಿಯೂ ಆಗಬಹುದು. ಆಗಲೇಬೇಕೆಂದಿಲ್ಲ, ಅದಕ್ಕೆ ಬೇರೆ ಪರಿಶೀಲನೆಯುಂಟು. ಅಲ್ಲಿ ಮೊದಲನೆಯ ಡಾನ್ ಪರೀಕ್ಷೆಗೆ ಹದಿಮೂರು ವರ್ಷ ತುಂಬಿರಬೇಕು. ಎರಡನೆಯದಕ್ಕೆ ಒಂದು ವರ್ಷ, ಮೂರನೆಯದಕ್ಕೆ ಮತ್ತೆರಡು, ನಾಲ್ಕನೆಯದಕ್ಕೆ ಮತ್ತೆ ಮೂರು, ಐದನೆಯದಕ್ಕೆ ನಾಲ್ಕು, ಆರನೆಯದಕ್ಕೆ ಐದು, ಏಳನೆಯದಕ್ಕೆ ಆರು, ಎಂಟನೆಯದಕ್ಕೆ ಹತ್ತು ವರ್ಷಗಳ ಅಭ್ಯಾಸ ನಡೆದಿರಬೇಕು. ಅಭ್ಯರ್ಥಿಗೆ ನಲವತ್ತಾರು ವರ್ಷವೂ ತುಂಬಿರಬೇಕು. ಇಷ್ಟನ್ನೂ ಕೂಡಿಸಿದರೆ, ಯಾವ ಪರೀಕ್ಷೆಯಲ್ಲಿಯೂ ಎಡವದ ಮೇಧಾವಿಗೂ ಮೊದಲನೆಯ ಡಾನಿನಿಂದ ಎಂಟನೆಯದರ ಬಾಗಿಲಿಗೆ ಬರಲು 31 ವರ್ಷ ಹಿಡಿಯುತ್ತದೆ. ಬಾಗಿಲಿಗೆ ಬಂದವರಲ್ಲಿ ಒಳಹೊಗುವವರು ನೂರಕ್ಕೆ ಒಬ್ಬರಷ್ಟು ಮಾತ್ರ. ಒಂಬತ್ತು ಹತ್ತನೆಯ ಡಾನುಗಳನ್ನು ಕೊಡುವ ಪರಿಪಾಟಿಯನ್ನು ಆ ಒಕ್ಕೂಟ ಈಗ ಕೈಬಿಟ್ಟಿದೆ. ಕರಾಟೆಯ ಸಂಸ್ಥೆಗಳಲ್ಲಿ ಈ ಲೆಕ್ಕ ಸ್ವಲ್ಪ ಹಿಂದುಮುಂದಾಗುವುದುಂಟು. ಆದರೂ ಮೂವತ್ತು ದಾಟದ ಶಿಕ್ಷಕನೊಬ್ಬನು ತಾನು ಎಂಟನೆಯ ಡಾನಿನ ಹನ್ಶಿಯೆಂದು ಅಚ್ಚು ಹಾಕಿಸಿದ್ದರೆ, ಅವನೊಡನೆ ವಾದಕ್ಕಿಳಿಯುವ ಅಗತ್ಯವಿಲ್ಲ, ಬೆರಳು ಮಡಿಚಿ ಎಣಿಸಿದರೆ ಸಾಕು.

ಶ್ರೇಣಿ ತಡವಾಗಿ ಬರುವುದಕ್ಕೆ ವಿದ್ಯೆಯ ಗಹನತೆ ಮಾತ್ರವೇ ಕಾರಣವೆಂದು ತಿಳಿಯಬಾರದು. ಅಧಿಕಾರದಲ್ಲಿದ್ದವರ ಸಂಕುಚಿತಭಾವವೂ ಒಮ್ಮೊಮ್ಮೆ ಕಾರಣವಾಗಿದೆ. ಕಾನೋ ಅವರಲ್ಲಿಯೇ ಕಲಿತ ಫುಕುದಾ ಕೇಕೊ ಎಂಬ ಮಹಿಳೆ, ಕಾನೋ ಅವರ ಜುಜುತ್ಸು ಗುರುವಿನ ಮೊಮ್ಮಗಳು, ಸ್ತ್ರೀಯರು ಐದನೆಯ ಡಾನನ್ನು ಮೀರಬಾರದೆಂಬ ಕಟ್ಟಿನಿಂದಾಗಿ ಆ ಮೆಟ್ಟಿಲಿನಲ್ಲಿಯೇ ದಶಕಗಟ್ಟಲೆ ನಿಲ್ಲಬೇಕಾಯಿತು. 1972ರಲ್ಲಿ ಆರನೆಯದು ದೊರೆಯಿತು, 2006ರಲ್ಲಿ ಕೋದೋಕಾನ್ ಒಂಬತ್ತನೆಯದನ್ನು ನೀಡಿತು, 2011ರಲ್ಲಿ ಅಮೆರಿಕದ ಜೂಡೋ ಸಂಸ್ಥೆ ಹತ್ತನೆಯದನ್ನಿತ್ತು ಗೌರವಿಸಿತು. ಆಗ ಆಕೆಗೆ 98 ವರ್ಷ. ಐದನೆಯ ಡಾನಿನಲ್ಲಿ ನಿಂತ ಆ ವರ್ಷಗಳಲ್ಲಿ ಆಕೆಯ ವಿದ್ಯೆ ಕುಂಠಿತವಾಗಿತ್ತೆಂದು ಯಾರೂ ಹೇಳಲಾರರು. ಭಾರತದಲ್ಲಿ ಈ ವಿದ್ಯೆ ಹೆಣ್ಣುಮಕ್ಕಳನ್ನು ಆ ಕಟ್ಟು ಸಡಿಲುವುದಕ್ಕೆ ಬಹು ಮೊದಲೇ ಮುಟ್ಟಿತ್ತು: ರವೀಂದ್ರನಾಥ ಠಾಕೂರರು 1929ರಲ್ಲಿ ತಕಗಾಕಿ ಶಿನ್ಜೊ ಎಂಬ ಜೂಡೋ ಗುರುವನ್ನು ಶಾಂತಿನಿಕೇತನಕ್ಕೆ ಬರಮಾಡಿಕೊಂಡಾಗ ಅಲ್ಲಿನ ವಿದ್ಯಾರ್ಥಿನಿಯರೂ ಕಲಿತರು, ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರ ತಾಯಿ ಅಮಿತಾ ಸೇನ್ ಅವರಲ್ಲಿ ಒಬ್ಬರು.

ಇನ್ನು ಶಿಹಾನ್ ಎಂಬುದು. ಮಾದರಿಯಾದ ಆಚಾರ್ಯನೆಂಬ ಭಾವದ ಈ ಶಬ್ದವನ್ನು ಒಂದೊಂದು ಮನೆ ಒಂದೊಂದು ಮಟ್ಟದಲ್ಲಿ ಬಳಸುತ್ತದೆ. ಉಯೆಶಿಬಾ ಮೊರಿಹೇ ಸ್ಥಾಪಿಸಿದ ಐಕಿದೋವಿನ ಮುಖ್ಯ ಸಂಸ್ಥೆಯಾದ ಐಕಿಕಾಯ್‌ನಲ್ಲಿ ಎರಡು ಮೂರನೆಯ ಡಾನಿನ ಬೋಧಕ ‘ಫುಕು ಶಿದೋಇನ್’, ನಾಲ್ಕೈದನೆಯವನು ‘ಶಿದೋಇನ್’, ಆರು ಮತ್ತು ಅದಕ್ಕೂ ಮೇಲಿನವನು ಮಾತ್ರ ‘ಶಿಹಾನ್’. ಇಡೀ ಕಲೆಗೆ ಶಿರಃಸ್ಥಾನದಲ್ಲಿರುವ, ಸ್ಥಾಪಕರ ವಂಶದವರೊಬ್ಬರಿಗೆ ‘ದೋಶು’ ಎಂಬ ಹೆಸರು. ಕರಾಟೆಯ ಸಂಸ್ಥೆಗಳಲ್ಲಿ ಐದನೆಯ ಡಾನಿನಿಂದಲೇ ಶಿಹಾನ್ ಎನ್ನುವವರೂ ಇದ್ದಾರೆ. ‘ಸೋಕೆ’ ಎಂಬುದಂತೂ ಒಂದು ಸಂಪ್ರದಾಯದ ವಾರಸುದಾರ. ನಮ್ಮ ಮಠಗಳ ಪೀಠಾಧಿಪತಿಯಂತೆ ಒಂದು ಪೀಠಕ್ಕೆ ಒಬ್ಬರೇ ಸಲ್ಲುವುದು ನ್ಯಾಯ. ಒಂದೇ ಶೈಲಿಗೆ ಒಂದೇ ಜಿಲ್ಲೆಯಲ್ಲಿ ಇಬ್ಬರು ಸೋಕೆಗಳು ಕಾಣಿಸಿಕೊಂಡರೆ ಎಚ್ಚರವಹಿಸುವುದು ಮೇಲು. ‘ಗ್ರ್ಯಾಂಡ್ ಮಾಸ್ಟರ್’ ಎಂಬುದು ಜಪಾನಿನ ಯಾವ ಶ್ರೇಣಿಯಲ್ಲಿಯೂ ಇಲ್ಲ. ಅದು ನಮ್ಮ ಮುದ್ರಣಾಲಯಗಳ ಔದಾರ್ಯ.

ಸೆನ್ಸೈ ಎಂಬುದು ಜಪಾನಿನಲ್ಲಿ ಶಾಲೆಯ ಉಪಾಧ್ಯಾಯನಿಗೂ, ವೈದ್ಯನಿಗೂ, ವಕೀಲನಿಗೂ ಸಲ್ಲುವ ಸಾಮಾನ್ಯ ಗೌರವವಾಚಕ. ಹೆಸರಿನ ಅನಂತರ ಸೇರಿಸಿ ಇತರರು ಕರೆಯತಕ್ಕದ್ದೇ ಹೊರತು, ತನ್ನನ್ನು ತಾನೇ ಸೆನ್ಸೈ ಎಂದುಕೊಳ್ಳುವುದು ಅಲ್ಲಿ ಅಸಭ್ಯತನ. ನಮ್ಮಲ್ಲಿಯೂ ‘ಮಾಸ್ತರು’ ಎಂದು ಊರವರು ಕರೆಯುತ್ತಾರೆಯೇ ವಿನಾ ‘ನಾನು ಮಾಸ್ತರು ಅವರು’ ಎಂದು ಯಾರೂ ಪರಿಚಯ ಹೇಳಿಕೊಳ್ಳುವುದಿಲ್ಲವಷ್ಟೆ. ಮಕ್ಕಳು ‘ಸೆನ್ಸೈ’ ಎನ್ನಲಿ, ‘ಸಾರ್’ ಎನ್ನಲಿ, ‘ಕರಾಟೆ ಮಾಸ್ತರ್’ ಎನ್ನಲಿ, ಅದರಿಂದ ಬಾಧಕವಿಲ್ಲ. ಶಂಕರ್ ನಾಗ್ ಅವರನ್ನು ‘ಕರಾಟೆ ಕಿಂಗ್’ ಎಂದು ಕನ್ನಡದ ಪ್ರೇಕ್ಷಕರು ಕರೆದದ್ದೂ ಇಂತಹ ಪ್ರೀತಿಯ ಮಾತೇ. ಆಟೋರಿಕ್ಷಾಗಳ ಹಿಂದೆ ಇಂದಿಗೂ ನಗುತ್ತಿರುವ ಆ ಮುಖಕ್ಕೆ ಪ್ರಮಾಣಪತ್ರವನ್ನು ಯಾರೂ ಕೇಳಲಾರರು. ಶುಲ್ಕ ಪಡೆದು ಮಕ್ಕಳಿಗೆ ಕಲಿಸುವವರನ್ನು ಕೇಳಬೇಕು.

ಕೇಳುವುದು ಹೇಗೆ? ನಮ್ಮ ದೇಶದಲ್ಲಿ ಕರಾಟೆಯ ಡಾನ್ ಪದವಿ ನೀಡುವುದಕ್ಕೆಂದು ಕಾಯಿದೆಯಿಂದ ನಿಯಮಿತವಾದ ಸಂಸ್ಥೆ ಯಾವುದೂ ಇಲ್ಲ; ಒಕ್ಕೂಟಗಳು ಹಲವು, ಅವುಗಳ ನಡುವೆ ವ್ಯಾಜ್ಯಗಳೂ ಹಲವು. ಹೀಗಾಗಿ ಭಾರವೆಲ್ಲ ಪಾಲಕರ ಮೇಲೆಯೇ ಬೀಳುತ್ತದೆ. ಶಿಕ್ಷಕರು ಯಾವ ಶೈಲಿಯವರೆಂಬುದನ್ನು ಮೊದಲು ವಿಚಾರಿಸತಕ್ಕದ್ದು. ಶೋತೋಕಾನ್, ಗೋಜೂ ರ್ಯೂ, ಶಿತೋ ರ್ಯೂ, ವಾದೋ ರ್ಯೂ ಎಂಬಿವು ಜಪಾನಿನ ಕರಾಟೆಯ ನಾಲ್ಕು ಪ್ರಮುಖ ಶೈಲಿಗಳು. ಅನಂತರ ಡಾನ್ ಪ್ರಮಾಣಪತ್ರವನ್ನೇ ನೋಡಬೇಕು: ಅದರಲ್ಲಿ ಕೊಟ್ಟ ಸಂಸ್ಥೆಯ ಹೆಸರು, ದಿನಾಂಕ, ಕ್ರಮಸಂಖ್ಯೆ, ಪರೀಕ್ಷಕರ ಸಹಿ ಇರುತ್ತವೆ, ಸಂಶಯವಿದ್ದರೆ ಆ ಸಂಖ್ಯೆಯನ್ನು ಬರೆದುಕೊಂಡು ಸಂಸ್ಥೆಯನ್ನು ವಿಚಾರಿಸಬಹುದು. ಪತ್ರ ಕೊಟ್ಟವರೂ ಪಡೆದವರೂ ಒಬ್ಬರೇ ಆಗಿರುವ, ಎಂದರೆ ತಾವೇ ಸಂಸ್ಥೆ ಕಟ್ಟಿ ತಮಗೆ ತಾವೇ ಏಳನೆಯ ಡಾನ್ ಕೊಟ್ಟುಕೊಂಡ ಪ್ರಸಂಗ ಜಗತ್ತಿನಲ್ಲೆಲ್ಲ ಉಂಟು. ಡಾನ್ ಬೇರೆ, ಬೋಧಿಸುವ ಪರವಾನಗಿ ಬೇರೆ ಎಂಬುದನ್ನೂ ಮರೆಯಬಾರದು. 1949ರಲ್ಲಿ ಸ್ಥಾಪಿತವಾದ ಜಪಾನ್ ಕರಾಟೆ ಅಸೋಸಿಯೇಷನ್ ಬೋಧಕ, ಪರೀಕ್ಷಕ, ತೀರ್ಪುಗಾರ ಎಂಬ ಮೂರು ಅರ್ಹತೆಗಳನ್ನು ಡಾನ್ ಶ್ರೇಣಿಯಿಂದ ಪ್ರತ್ಯೇಕವಾಗಿಯೇ ನೀಡುತ್ತದೆ. ಚೆನ್ನಾಗಿ ಒದೆಯಬಲ್ಲವನು ಚೆನ್ನಾಗಿ ಕಲಿಸಬಲ್ಲನೆಂಬ ನಿಯಮವಿಲ್ಲವಲ್ಲ.

ಮಗುವಿಗೆ ಎಷ್ಟು ಕಾಲದಲ್ಲಿ ಕಪ್ಪು ಪಟ್ಟಿ ಸಿಕ್ಕುತ್ತದೆಂದು ಕೇಳಿನೋಡುವುದೂ ಒಳ್ಳೆಯ ಉಪಾಯ. ವಾರಕ್ಕೆ ಎರಡು ಮೂರು ದಿನ ಕಲಿಯುವವರಿಗೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳು ಬೇಕು. ಒಂದು ವರ್ಷದಲ್ಲಿ ಕೊಡಿಸುತ್ತೇನೆನ್ನುವವರು ವಿದ್ಯೆಯನ್ನಲ್ಲ, ಪಟ್ಟಿಯನ್ನು ಮಾರುತ್ತಿದ್ದಾರೆ. ಪ್ರತಿ ಪಟ್ಟಿಯ ಪರೀಕ್ಷಾಶುಲ್ಕವೆಷ್ಟು, ಪ್ರಮಾಣಪತ್ರಕ್ಕೆ ಬೇರೆ ಹಣವೆಷ್ಟು ಎಂಬುದನ್ನು ಸೇರುವ ಮೊದಲೇ ಬರೆಯಿಸಿಕೊಳ್ಳಬೇಕು. ಒಂದು ದಿನ ಪಾಠ ನಡೆಯುವಾಗ ಹೋಗಿ ಕುಳಿತು ನೋಡಬೇಕು. ಪಾಲಕರು ನೋಡಬಾರದೆನ್ನುವ ದೋಜೋಗೆ, ಅದರ ಗುರು ಹತ್ತನೆಯ ಡಾನಿನವರಾಗಿದ್ದರೂ, ಮಗುವನ್ನು ಕಳುಹಿಸಕೂಡದು. ಹೆಣ್ಣುಮಕ್ಕಳ ತರಗತಿಯಲ್ಲಿ ಮಹಿಳಾ ಶಿಕ್ಷಕಿಯೋ ಶಾಲೆಯ ಉಪಾಧ್ಯಾಯಿನಿಯೋ ಹಾಜರಿರುತ್ತಾರೆಯೇ, ಪೆಟ್ಟಾದರೆ ಪ್ರಥಮಚಿಕಿತ್ಸೆ ಬಲ್ಲವರಿದ್ದಾರೆಯೇ ಎಂಬ ಪ್ರಶ್ನೆಗಳು ರೆನ್ಶಿ ಹನ್ಶಿಗಳ ಪ್ರಶ್ನೆಗಿಂತ ಮೊದಲು ಬರತಕ್ಕವು.

ಚೋರನೂರು ಹೋಬಳಿಯ ಮಕ್ಕಳಿಗೆ ಈ ವಿದ್ಯೆ ದೊರೆಯುವ ದಾರಿಗಳು ಖಾಸಗಿ ಶಿಬಿರಗಳು ಮಾತ್ರವಲ್ಲ. ಸರ್ಕಾರಿ ಶಾಲೆಗಳ ವಿದ್ಯಾರ್ಥಿನಿಯರಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ರಾಣಿ ಲಕ್ಷ್ಮೀಬಾಯಿಯ ಹೆಸರಿನ ಮೂರು ತಿಂಗಳ ಆತ್ಮರಕ್ಷಣಾ ತರಬೇತಿಯುಂಟು. ವಸತಿಶಾಲೆಗಳ ಹುಡುಗಿಯರಿಗಾಗಿ ನೆರೆಯ ಚಿತ್ರದುರ್ಗದ ಒನಕೆ ಓಬವ್ವನ ಹೆಸರಿನ ತರಬೇತಿಯುಂಟು. ಮೂರು ತಿಂಗಳಲ್ಲಿ ಪಟ್ಟಿಯ ಮಾತು ಬರುವುದಿಲ್ಲ. ಬಿಡಿಸಿಕೊಳ್ಳುವ, ಕೂಗುವ, ಓಡುವ ಧೈರ್ಯ ಬಂದರೆ ಅದು ಸಾರ್ಥಕ. ಜೂಡೋದಲ್ಲಿ ನಿಜವಾದ ಆಸಕ್ತಿಯೂ ಮೈಕಟ್ಟೂ ಇರುವ ಮಗುವಿಗೆ, ಇದೇ ಸಂಡೂರು ತಾಲ್ಲೂಕಿನ ಉತ್ತರದ ತುದಿಯಲ್ಲಿ, ತೋರಣಗಲ್ಲಿನ ಬಳಿಯ ವಿದ್ಯಾನಗರದಲ್ಲಿ 2018ರಿಂದ ನಡೆಯುತ್ತಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾಶಾಲೆಯ ಬಾಗಿಲಿದೆ. ಅಲ್ಲಿ ಬಾಕ್ಸಿಂಗ್, ಕುಸ್ತಿ, ಅಥ್ಲೆಟಿಕ್ಸ್‌ಗಳೊಡನೆ ಜೂಡೋವನ್ನೂ ಕಲಿಸುತ್ತಾರೆ. ಜೂಡೋ 1964ರಲ್ಲಿಯೇ ಒಲಿಂಪಿಕ್ ಕ್ರೀಡೆಯಾಯಿತು. ಕರಾಟೆ ತೋಕಿಯೋ ಕೂಟದಲ್ಲಿ ಒಮ್ಮೆ ಕಾಣಿಸಿಕೊಂಡು ಪ್ಯಾರಿಸ್ಸಿನಲ್ಲಿ ಮರೆಯಾಯಿತು. ಸ್ಪರ್ಧೆಯ ಜೂಡೋದಲ್ಲಿ ತರಬೇತುದಾರನ ಬೆಲೆ ಡಾನಿನ ಅಂಕಿಯಿಂದಲ್ಲ, ಅವನ ಶಿಷ್ಯರು ಮ್ಯಾಟಿನ ಮೇಲೆ ಗೆದ್ದುದರಿಂದ ನಿರ್ಣಯವಾಗುತ್ತದೆ. 1961ರಲ್ಲಿ ಆರಂಭವಾದ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಡಿಪ್ಲೊಮಾ ಇದ್ದರಂತೂ ಅದು ಸರ್ಕಾರವೇ ಮಾನ್ಯಮಾಡಿದ ಅರ್ಹತೆ. ದೇವಸೇನಾನಿಯಾದ ಕುಮಾರಸ್ವಾಮಿಯೇ ಬೆಟ್ಟದ ಮೇಲೆ ನೆಲಸಿರುವ ತಾಲ್ಲೂಕಿಗೆ ಇಂತಹ ಶಾಲೆಯೊಂದು ಬಂದದ್ದು ಉಚಿತವಾಗಿಯೇ ಇದೆ.

ಊರಿನ ಶಾಲಾಭಿವೃದ್ಧಿ ಸಮಿತಿಯವರಲ್ಲಿ ಒಂದು ವಿನಂತಿ. ಶಾಲೆಯ ಬಯಲಿನಲ್ಲಿ ಕರಾಟೆ ಶಿಬಿರಕ್ಕೆ ಅನುಮತಿ ಕೊಡುವಾಗ, ಶಿಕ್ಷಕರ ಹೆಸರಿನೊಡನೆ ಅವರ ಡಾನ್ ಎಷ್ಟು, ಅದನ್ನು ಕೊಟ್ಟ ಸಂಸ್ಥೆ ಯಾವುದು, ಕೊಟ್ಟ ವರ್ಷ ಯಾವುದು ಎಂಬ ಮೂರು ಸಂಗತಿಗಳನ್ನು ಕರಪತ್ರದಲ್ಲಿಯೂ ಫ್ಲೆಕ್ಸಿನಲ್ಲಿಯೂ ಕನ್ನಡದಲ್ಲಿ ಅಚ್ಚು ಹಾಕಿಸಲೇಬೇಕೆಂಬ ಷರತ್ತನ್ನು ವಿಧಿಸಿರಿ; ಪ್ರಮಾಣಪತ್ರದ ಒಂದು ನಕಲನ್ನು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ, ಯಾವ ಪಾಲಕರು ಬಂದು ಕೇಳಿದರೂ ತೋರಿಸುವಂತೆ, ಇರಿಸಿಕೊಳ್ಳಿರಿ.